ಬಯಲು ಉಳಿಯಬೇಕಾದರೆ ಹಸಿರನ್ನು ಮೊದಲು ಬರೆಯಿರಿ: ಪ್ರಾದೇಶಿಕ ಭೂ ಬಳಕೆ ಯೋಜನೆಗೆ ಒಂದು ಕೈಪಿಡಿ

ನಕ್ಷೆಯಲ್ಲಿ ಬಿಳಿಯಾಗಿ ಬಿಟ್ಟ ಜಾಗವನ್ನು ಹೆಚ್ಚಿನವರು ಹೇಗೆ ಓದುತ್ತಾರೆ ಗೊತ್ತಾ? "ಇಲ್ಲಿ ಇನ್ನೂ ಏನೂ ಕಟ್ಟಿಲ್ಲ" ಎಂದು. ಅದಕ್ಕೆ ಇಟ್ಟ ಹೆಸರೇ "ಖಾಲಿ ಜಾಗ". ಆದರೆ ಆ ಜಾಗ ಸುಮ್ನೆ ಕೂತಿಲ್ಲ. ಮಳೆ ನೀರನ್ನು ಕುಡಿದು ಬಾವಿಗಳಿಗೆ ಇಳಿಸುತ್ತಿದೆ. ಹಳ್ಳ ಉಕ್ಕಿದಾಗ ನೀರು ಹರಡಿಕೊಳ್ಳಲು ಎಡೆ ಕೊಡುತ್ತಿದೆ. ದನ ಮೇಯುವುದು ಅಲ್ಲೇ, ಹಕ್ಕಿ ಮೊಟ್ಟೆ ಇಡುವುದು ಅಲ್ಲೇ, ಸಂಜೆ ಮಕ್ಕಳು ಓಡಾಡುವುದೂ ಅಲ್ಲೇ. ಇಷ್ಟು ದುಡಿಯುವ ನೆಲವನ್ನು ಖಾಲಿ ಎಂದು ಕರೆದ ದಿನದಿಂದಲೇ ಅದು ಕೈತಪ್ಪಲು ಶುರುವಾಗುತ್ತದೆ.

ಯೋಜನೆ ತಯಾರಿಸುವಾಗ ಸಾಮಾನ್ಯವಾಗಿ ರಸ್ತೆ ಮೊದಲು ಬರುತ್ತದೆ. ಆಮೇಲೆ ಕೈಗಾರಿಕೆ, ಆಮೇಲೆ ಮನೆಗಳು. ಕೊನೆಗೆ ಉಳಿದದ್ದಕ್ಕೆ ಹಸಿರು ಬಣ್ಣ ಬಳಿಯುತ್ತಾರೆ. ಉಳಿದದ್ದು ಅಂದರೆ ಯಾರಿಗೂ ಬೇಡವಾದ ಮೂಲೆ, ವಿದ್ಯುತ್ ತಂತಿಯ ಕೆಳಗಿನ ಪಟ್ಟಿ, ಎರಡು ರಸ್ತೆಗಳ ನಡುವಿನ ತ್ರಿಕೋನ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು: ಈ ಕ್ರಮವನ್ನು ತಿರುಗಿಸಿ. ಯಾವ ನೆಲ ಬಯಲಾಗಿಯೇ ಇರಬೇಕು ಎಂಬುದನ್ನು ಮೊದಲು ಬರೆಯಿರಿ, ಉಳಿದದ್ದರಲ್ಲಿ ಊರು ಕಟ್ಟಿ.

ಇದು ಒಂದು ಊರಿನವರು ಒಂಟಿಯಾಗಿ ಮಾಡುವ ಕೆಲಸ ಅಲ್ಲ. ನಿಮ್ಮ ಊರು ತನ್ನ ಬಯಲನ್ನು ಬಿಗಿಯಾಗಿ ಕಾಯ್ದರೆ ಕಟ್ಟುವವರು ಪಕ್ಕದ ಊರಿಗೆ ಹೋಗುತ್ತಾರೆ. ತೆರಿಗೆ ಅವರಿಗೆ, ವಾಹನಗಳ ಸಾಲು ನಿಮಗೆ. ಮೇಲಿನ ಊರಿನವರು ಇಳಿಜಾರಿಗೆ ಕಾಂಕ್ರೀಟ್ ಹಾಕಿದರೆ ನೀರು ನುಗ್ಗುವುದು ಕೆಳಗಿನ ಊರಿನ ಮನೆಗಳಿಗೆ. ಅದಕ್ಕೇ ಹಲವು ಊರುಗಳು ಒಂದೇ ನಕ್ಷೆಯ ಸುತ್ತ ಕೂರಬೇಕು. ಕಾನೂನುಗಳ ಹೆಸರು ದೇಶದಿಂದ ದೇಶಕ್ಕೆ ಬೇರೆ. ಕೆಲಸದ ಕ್ರಮ ಮಾತ್ರ ಹೆಚ್ಚುಕಮ್ಮಿ ಎಲ್ಲ ಕಡೆ ಇದೇ. ನಿವಾಸಿಗಳ ಸಂಘದವರು, ರೈತರು, ಸ್ಥಳೀಯ ಸಂಸ್ಥೆಯ ಸದಸ್ಯರು ಯಾರು ಬೇಕಾದರೂ ಇದನ್ನು ಶುರು ಮಾಡಬಹುದು.

1. ಎಲ್ಲೆಯನ್ನು ನೀರಿಗೆ ಕೇಳಿ

ಮೊದಲ ಪ್ರಶ್ನೆ: ಯಾವುದು ನಿಮ್ಮ ಪ್ರದೇಶ? ಆಡಳಿತದ ಗಡಿಯನ್ನು ಸದ್ಯಕ್ಕೆ ಮರೆತುಬಿಡಿ. ನಿಮ್ಮ ಊರಿಗೆ ನೀರು ಎಲ್ಲಿಂದ ಹರಿದು ಬರುತ್ತದೆ, ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ. ಎತ್ತರದ ಗೆರೆಗಳಿರುವ ನಕ್ಷೆಯಲ್ಲಿ ಗುಡ್ಡದ ನೆತ್ತಿಗಳನ್ನು ಸೇರಿಸಿ ಗೆರೆ ಎಳೆದರೆ ಜಲಾನಯನ ಪ್ರದೇಶ ಸಿಗುತ್ತದೆ. ಅದರ ಜೊತೆಗೆ ಜನ ದಿನಾ ಕೆಲಸಕ್ಕೆ ಓಡಾಡುವ ದೂರವನ್ನೂ ಗುರುತು ಮಾಡಿ. ಈ ಎರಡೂ ಸೇರಿದ್ದು ನಿಮ್ಮ ಯೋಜನೆಯ ಅಂಗಳ.

ನ್ಯೂಯಾರ್ಕ್ ನಗರ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. ಅದರ ಕುಡಿಯುವ ನೀರಿನ ದೊಡ್ಡ ಪಾಲು ಬರುವುದು ದೂರದ ಕ್ಯಾಟ್‌ಸ್ಕಿಲ್ ಮತ್ತು ಡೆಲಾವೇರ್ ಜಲಾನಯನಗಳಿಂದ. ಆ ನೀರಿಗೆ ಶೋಧಕ ಘಟಕ ಕಟ್ಟಲು ಹಲವು ಶತಕೋಟಿ ಡಾಲರ್ ಬೇಕಿತ್ತು. ಅದರ ಬದಲು 1997ರಲ್ಲಿ ನಗರ ಮೇಲಿನ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಕಾಡು, ಹೊಲ, ತೊರೆಯ ದಂಡೆ ಕಾಯುವುದಕ್ಕೆ ಹಣ ಕೊಟ್ಟಿತು. ಮಾರಲು ಮನಸ್ಸಿದ್ದವರಿಂದ ಜಮೀನು ಕೊಂಡಿತು. ನಗರದ ಗಡಿಯೊಳಗೇ ಯೋಚಿಸಿದ್ದರೆ ಈ ದಾರಿ ಹೊಳೆಯುತ್ತಲೇ ಇರಲಿಲ್ಲ.

2. ಮೊದಲು ಕಾಲು, ಆಮೇಲೆ ನಕ್ಷೆ

ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ನಡೆಯಿರಿ. ಎಲ್ಲಿ ನೀರು ನಿಲ್ಲುತ್ತದೆ, ಯಾವ ಬಾವಿ ಬತ್ತುವುದಿಲ್ಲ, ದನ ಯಾವ ದಾರಿಯಲ್ಲಿ ಹೋಗುತ್ತವೆ, ಜನ ಎಲ್ಲಿ ನಡೆದು ನಡೆದು ಕಾಲುದಾರಿ ಮಾಡಿದ್ದಾರೆ, ಎಲ್ಲವನ್ನೂ ಬರೆದುಕೊಳ್ಳಿ. ದೊಡ್ಡ ನೆರೆ ಬಂದಾಗ ನೀರು ಎಲ್ಲಿವರೆಗೆ ಏರಿತ್ತು ಎಂದು ವಯಸ್ಸಾದವರನ್ನು ಕೇಳಿ. ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಆ ಗುರುತಿನ ಫೋಟೋ ತೆಗೆದುಕೊಳ್ಳಿ, ನೆಲದಿಂದ ಎಷ್ಟು ಎತ್ತರ ಎಂದು ಟೇಪ್ ಹಿಡಿದು ಅಳೆಯಿರಿ. ಮುಂದೆ ಸಭೆಯಲ್ಲಿ ಹತ್ತು ಭಾಷಣ ಮಾಡದ ಕೆಲಸವನ್ನು ಆ ಒಂದು ಫೋಟೋ ಮಾಡುತ್ತದೆ.

ಹಳೆಯ ಉಪಗ್ರಹ ಚಿತ್ರಗಳನ್ನೂ ನೋಡಿ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಅವು ಎಲ್ಲರಿಗೂ ಉಚಿತ. ನಿಮ್ಮ ಬಯಲು ನಲವತ್ತು ವರ್ಷದ ಹಿಂದೆ ಹೇಗಿತ್ತು ಎಂದು ಯಾರನ್ನೂ ಬೇಡದೆ ನೋಡಬಹುದು.

ಈಗ ನಕ್ಷೆ. ಅಮೆರಿಕದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಯೋಜಕ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಒಂದು ಸರಳ ವಿಧಾನವನ್ನು ಜನಪ್ರಿಯ ಮಾಡಿದರು. ಒಂದೊಂದು ವಿಷಯಕ್ಕೆ ಒಂದೊಂದು ಪಾರದರ್ಶಕ ಹಾಳೆ. ನೀವು ಮನೆಯಲ್ಲೇ ಮಾಡಬಹುದು. ಪ್ರದೇಶದ ನಕ್ಷೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ. ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಹಳ್ಳ, ಕೆರೆ, ನೆರೆ ಬರುವ ಜಾಗಗಳಿಗೆ ಪೆನ್ಸಿಲ್‌ನಿಂದ ತೆಳುವಾಗಿ ಬಣ್ಣ ಹಚ್ಚಿ. ಎರಡನೇ ಹಾಳೆಯಲ್ಲಿ ಕಡಿದಾದ ಇಳಿಜಾರು. ಮೂರನೆಯದರಲ್ಲಿ ಫಲವತ್ತಾದ ಮಣ್ಣು. ನಾಲ್ಕನೆಯದರಲ್ಲಿ ಕಾಡು, ಹುಲ್ಲುಗಾವಲು, ಪ್ರಾಣಿಗಳ ಓಡಾಟ. ಐದನೆಯದರಲ್ಲಿ ಜನ ಬಳಸುವ ಜಾಗ. ಐದನ್ನೂ ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿ. ಬಣ್ಣ ಸೇರಿ ಸೇರಿ ಎಲ್ಲಿ ಕಪ್ಪಾಗಿದೆಯೋ ಆ ನೆಲವನ್ನು ಮುಟ್ಟಬಾರದು. ಎಲ್ಲಿ ತಿಳಿಯಾಗಿದೆಯೋ ಅಲ್ಲಿ ಕಟ್ಟಬಹುದು. ಕಂಪ್ಯೂಟರ್ ಬರುವವರು ಇದನ್ನೇ ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿ. ಆದರೆ ಮೊದಲ ಸಲ ಎಲ್ಲರೂ ಸೇರಿ ಕಿಟಕಿಯ ಹತ್ತಿರವೇ ಮಾಡಿ ಎಂದು ನನ್ನ ಸಲಹೆ. ಹಾಳೆ ಹಿಡಿದವರಿಗೆ ಆ ಕಪ್ಪು ಕಲೆ ಮರೆಯುವುದಿಲ್ಲ.

3. ಎಲ್ಲವೂ ಬೇಕು ಅನ್ನಬೇಡಿ

ಇಲ್ಲಿ ತುಂಬಾ ಜನ ಎಡವುತ್ತಾರೆ. ಪ್ರೀತಿಯಿಂದಲೇ ಎಡವುತ್ತಾರೆ. ಕಂಡ ಹಸಿರನ್ನೆಲ್ಲ ಉಳಿಸಬೇಕು ಅನ್ನುತ್ತಾರೆ. ಆಗ ಎದುರಿನವರಿಗೆ "ಇವರಿಗೆ ಏನು ಕಟ್ಟಿದರೂ ಬೇಡ" ಎನ್ನುವುದು ಸುಲಭವಾಗುತ್ತದೆ.

ಮೂರು ಪಟ್ಟಿ ಮಾಡಿ. ಎಂದೂ ಕಟ್ಟಬಾರದ ಜಾಗ. ಷರತ್ತಿನ ಮೇಲೆ ಬಳಸಬಹುದಾದ ಜಾಗ. ಕಟ್ಟಬಹುದಾದ ಜಾಗ. ಮೊದಲ ಪಟ್ಟಿಯ ಪ್ರತಿ ಜಾಗದ ಮುಂದೆ ಒಂದೇ ವಾಕ್ಯದಲ್ಲಿ ಕಾರಣ ಬರೆಯಿರಿ: "ಇಲ್ಲಿ ಮಣ್ಣು ತುಂಬಿದರೆ ಕೆಳಗಿನ ಮೂರು ಬೀದಿಗೆ ನೀರು ನುಗ್ಗುತ್ತದೆ." ಕಾರಣ ಒಂದು ವಾಕ್ಯಕ್ಕೆ ಇಳಿಯದಿದ್ದರೆ ಆ ಜಾಗ ಬಹುಶಃ ಎರಡನೇ ಪಟ್ಟಿಗೆ ಸೇರಿದ್ದು.

4. ತುಂಡುಗಳನ್ನು ಹೊಲಿಯಿರಿ

ನೂರು ಹೆಕ್ಟೇರ್ ಬಯಲು ಒಂದೇ ಚೌಕವಾಗಿದ್ದರೆ ಅದರ ಅಂಚು ನಾಲ್ಕು ಕಿಲೋಮೀಟರ್. ಅದೇ ನೂರು ಹೆಕ್ಟೇರನ್ನು ಒಂದೊಂದು ಹೆಕ್ಟೇರಿನ ನೂರು ಚೌಕ ಮಾಡಿದರೆ ಅಂಚು ಒಟ್ಟು ನಲವತ್ತು ಕಿಲೋಮೀಟರ್. ವಿಸ್ತೀರ್ಣ ಅಷ್ಟೇ ಇದೆ, ಆದರೆ ಬಿಸಿಲು, ಗಾಳಿ, ಗದ್ದಲ, ಕಸ, ಒತ್ತುವರಿ ಎಲ್ಲವೂ ನುಗ್ಗುವುದು ಅಂಚಿನಿಂದಲೇ ಅಲ್ವಾ? ಹತ್ತು ಪಟ್ಟು ಅಂಚು ಅಂದರೆ ಹತ್ತು ಪಟ್ಟು ಕಾವಲು. ಅದಕ್ಕೇ "ಪ್ರತಿ ಲೇಔಟಿನಲ್ಲೂ ಇಷ್ಟು ಪಾಲು ಹಸಿರು ಬಿಡುತ್ತೇವೆ" ಎಂಬ ಮಾತಿಗೆ ಬೇಗ ಒಪ್ಪಬೇಡಿ. ಮಕ್ಕಳ ಆಟಕ್ಕೆ ಅದು ಬೇಕೇ ಬೇಕು. ಆದರೆ ನೀರಿಗೆ, ಕಾಡುಪ್ರಾಣಿಗೆ, ಬೇಸಾಯಕ್ಕೆ ದೊಡ್ಡ ಬಯಲು ಬೇಕು. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ದೊಡ್ಡ ಬಯಲುಗಳನ್ನು ಒಂದಕ್ಕೊಂದು ಸೇರಿಸುವುದಕ್ಕೆ ಹಳ್ಳದ ದಂಡೆಗಳೇ ಒಳ್ಳೆಯ ದಾರ. ಹೇಗೂ ಅಲ್ಲಿ ಕಟ್ಟಬಾರದು, ಹೇಗೂ ಅವು ಒಂದು ಊರಿನಿಂದ ಇನ್ನೊಂದಕ್ಕೆ ಹರಿಯುತ್ತವೆ. ಜರ್ಮನಿಯ ರೂರ್ ಪ್ರದೇಶ ಕಲ್ಲಿದ್ದಲು, ಉಕ್ಕಿನ ನಾಡು. ಅಲ್ಲಿನ ಊರುಗಳು ಬೆಳೆದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದಾಗ, 1920ರಲ್ಲಿ ಎಲ್ಲ ಸೇರಿ ಒಂದು ಪ್ರಾದೇಶಿಕ ಯೋಜನಾ ಸಂಸ್ಥೆ ಮಾಡಿಕೊಂಡವು. ಊರುಗಳ ನಡುವೆ ಹಸಿರು ಪಟ್ಟಿಗಳನ್ನು ಬಿಡುವ ಕೆಲಸ ಅಲ್ಲಿಂದ ಶುರುವಾಯಿತು. ಗಣಿ, ಕಾರ್ಖಾನೆಗಳ ನಡುವೆಯೇ ಅದು ಆಯಿತು ಎನ್ನುವುದು ನನಗೆ ಧೈರ್ಯ ಕೊಡುವ ಸಂಗತಿ.

5. ಮನೆಗಳು ಎಲ್ಲಿ ಬರಬೇಕು ಎಂದು ನೀವೇ ಹೇಳಿ

ಇಡೀ ಕೈಪಿಡಿಯಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಜನರಿಗೆ ಮನೆ ಬೇಕು. ಅದು ನ್ಯಾಯವಾದ ಬೇಡಿಕೆ. "ಇಲ್ಲಿ ಬೇಡ" ಎಂದಷ್ಟೇ ಹೇಳುವ ಯೋಜನೆ ಮೊದಲ ಒತ್ತಡಕ್ಕೇ ಮುರಿಯುತ್ತದೆ.

ಲೆಕ್ಕ ಮಾಡಿ ತೋರಿಸಿ. ಸಾವಿರ ಮನೆ ಬೇಕು ಎಂದಿಟ್ಟುಕೊಳ್ಳಿ. ಹೆಕ್ಟೇರಿಗೆ ಹತ್ತು ಮನೆಯಂತೆ ಕಟ್ಟಿದರೆ ನೂರು ಹೆಕ್ಟೇರ್ ಬೇಕು. ಹೆಕ್ಟೇರಿಗೆ ನಲವತ್ತರಂತೆ ಕಟ್ಟಿದರೆ ಇಪ್ಪತ್ತೈದು ಸಾಕು. ಎಪ್ಪತ್ತೈದು ಹೆಕ್ಟೇರ್ ಬಯಲು ಹಾಗೇ ಉಳಿಯಿತು. ಹೆಕ್ಟೇರಿಗೆ ನಲವತ್ತು ಅಂದರೆ ಮುಗಿಲು ಮುಟ್ಟುವ ಕಟ್ಟಡ ಬೇಕಿಲ್ಲ, ಒಂದಕ್ಕೊಂದು ಅಂಟಿದ ಎರಡು, ಮೂರು ಮಹಡಿಯ ಮನೆಗಳಲ್ಲೇ ಅದು ಆಗುತ್ತದೆ. ಆಮೇಲೆ ಊರೊಳಗೇ ಪಾಳುಬಿದ್ದ ಗೋದಾಮು, ಮುಚ್ಚಿದ ಕಾರ್ಖಾನೆ, ವರ್ಷಗಟ್ಟಲೆ ಖಾಲಿ ಬಿಟ್ಟ ಸೈಟುಗಳನ್ನು ಎಣಿಸಿ. ಪಟ್ಟಿ ನೀವು ಅಂದುಕೊಂಡಿದ್ದಕ್ಕಿಂತ ಉದ್ದ ಆಗುತ್ತದೆ.

ಕೋಪನ್‌ಹೇಗನ್ನಿನ 1947ರ ಯೋಜನೆಯನ್ನು ಬೆರಳಿನ ಯೋಜನೆ ಎನ್ನುತ್ತಾರೆ. ಕೈ ಬಿಡಿಸಿ ಮೇಜಿನ ಮೇಲಿಡಿ. ಅಂಗೈ ಹಳೇ ನಗರ. ಐದು ಬೆರಳು ಐದು ರೈಲು ಮಾರ್ಗ, ಅವುಗಳ ಉದ್ದಕ್ಕೂ ಮನೆ, ಕಚೇರಿ. ಬೆರಳುಗಳ ನಡುವಿನ ಸಂದು ಹೊಲ, ಕಾಡು, ಬಯಲು. ಯಾವ ಬೆರಳಿನ ಮೇಲಿದ್ದರೂ ಹಸಿರು ದೂರ ಅಲ್ಲ. ಇದರಲ್ಲಿ ಬೆಳೆಯುವುದಕ್ಕೂ ಜಾಗ ಇದೆ, ಬಿಡುವುದಕ್ಕೂ ಜಾಗ ಇದೆ. 2007ರಲ್ಲಿ ಡೆನ್ಮಾರ್ಕ್ ಈ ಬೆರಳುಗಳಿಗೆ ರಾಷ್ಟ್ರೀಯ ಯೋಜನಾ ನಿರ್ದೇಶನದ ಬಲ ಕೊಟ್ಟಿತು.

ಲಂಡನ್ ಸುತ್ತ ಉಂಗುರದಂತೆ ಹಸಿರು ಪಟ್ಟಿ ಇದೆ. 1938ರ ಕಾಯ್ದೆಯಿಂದ ಅದಕ್ಕೆ ಕಾನೂನಿನ ಬೆಂಬಲ ಬಂತು. ಪಟ್ಟಿ ಉಳಿದಿದೆ, ಅದು ದೊಡ್ಡ ಸಾಧನೆ. ಆದರೆ ಬೆಳವಣಿಗೆ ಪಟ್ಟಿಯನ್ನು ಹಾರಿ ಆಚೆ ಹೋಯಿತು, ಜನ ದಿನಾ ಅದನ್ನು ದಾಟಿ ಕೆಲಸಕ್ಕೆ ಬರುತ್ತಾರೆ, ಮನೆ ಬೆಲೆ ಏರುವುದಕ್ಕೆ ಅದೂ ಒಂದು ಕಾರಣ ಎಂಬ ದೂರು ಇಂದಿಗೂ ಇದೆ. ಉಂಗುರ ಬರೆಯುವವರು ಈ ದೂರಿಗೆ ಮೊದಲೇ ಉತ್ತರ ಇಟ್ಟುಕೊಳ್ಳಬೇಕು.

ಮಧ್ಯದ ದಾರಿಯೊಂದಿದೆ. ಅಮೆರಿಕದ ಆರೆಗಾನ್ ರಾಜ್ಯ 1973ರಲ್ಲಿ ಕಾನೂನು ಮಾಡಿ, ಪ್ರತಿ ಊರೂ ತಾನು ಎಲ್ಲಿವರೆಗೆ ಬೆಳೆಯುತ್ತದೆ ಎಂಬ ಗೆರೆ ಎಳೆಯಬೇಕು ಎಂದಿತು. ಪೋರ್ಟ್‌ಲ್ಯಾಂಡ್ ಪ್ರದೇಶದ ಗೆರೆ 1979ರಲ್ಲಿ ಬಂತು. ಗೆರೆಯೊಳಗೆ ಸುಮಾರು ಇಪ್ಪತ್ತು ವರ್ಷಕ್ಕೆ ಸಾಲುವಷ್ಟು ಜಾಗ ಇರಬೇಕು, ಕೆಲವು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಬೇಕಾದರೆ ಹಿಗ್ಗಿಸಬೇಕು. ಗೆರೆ ಹಿಗ್ಗುತ್ತದೆ, ಆದರೆ ಲೆಕ್ಕ ಕೊಟ್ಟು, ಎಲ್ಲರ ಎದುರು ಹಿಗ್ಗುತ್ತದೆ.

6. ಜಮೀನಿನವರ ಮನೆಗೆ ಹೋಗಿ

ನೀವು ಹಸಿರು ಬಳಿದ ಜಾಗಕ್ಕೆ ಒಬ್ಬ ಒಡೆಯ ಇದ್ದಾನೆ. ಹೆಚ್ಚಿನ ಸಲ ರೈತ. ಅವನಿಗೆ ಆ ಜಮೀನೇ ಪಿಂಚಣಿ, ಅದೇ ಮಗಳ ಓದು. ಪಕ್ಕದವನ ಹೊಲ ಸೈಟಾಗಿ ದುಡ್ಡಾಯಿತು, ನನ್ನದು ನಿಮ್ಮ ನೋಟಕ್ಕಾಗಿ ಹೊಲವಾಗಿಯೇ ಇರಬೇಕಾ ಎಂದು ಅವನು ಕೇಳಿದರೆ ತಪ್ಪೇನು? ಈ ಪ್ರಶ್ನೆಗೆ ನೇರ ಉತ್ತರ ಕೊಡದ ಯೋಜನೆ ನ್ಯಾಯದ್ದಲ್ಲ, ಉಳಿಯುವುದೂ ಇಲ್ಲ. ನಕ್ಷೆ ಸಭೆಗೆ ಹೋಗುವ ಮೊದಲೇ ಅವರ ಮನೆಗೆ ಹೋಗಿ ಕೂತು ಮಾತಾಡಿ.

ಕೊಡಬಹುದಾದದ್ದು ಏನೇನಿದೆ? ಒಂದು, ಜಮೀನನ್ನೇ ಕೊಳ್ಳುವುದು. ಎರಡು, ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುವುದು. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಉಳುತ್ತಾನೆ, ಮಾರುತ್ತಾನೆ, ಆದರೆ ಅಲ್ಲಿ ಲೇಔಟ್ ಮಾಡುವಂತಿಲ್ಲ ಎಂದು ದಾಖಲೆಯಲ್ಲಿ ಸೇರಿರುತ್ತದೆ. ಮೂರು, ಕಟ್ಟುವ ಹಕ್ಕಿನ ವರ್ಗಾವಣೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿ 1980ರಲ್ಲಿ ಸುಮಾರು 93,000 ಎಕರೆಯನ್ನು ಬೇಸಾಯಕ್ಕೆ ಮೀಸಲಿಟ್ಟಿತು. ಅಲ್ಲಿ 25 ಎಕರೆಗೆ ಒಂದೇ ಮನೆ. ಆದರೆ ರೈತನಿಗೆ 5 ಎಕರೆಗೆ ಒಂದರಂತೆ ಕಟ್ಟುವ ಹಕ್ಕು ಕೊಟ್ಟು, ಅದನ್ನು ಊರಿನ ಕಡೆ ಕಟ್ಟುವವರಿಗೆ ಮಾರಿಕೊಳ್ಳಲು ಬಿಟ್ಟರು. ರೈತನಿಗೆ ದುಡ್ಡು, ಕಟ್ಟುವವನಿಗೆ ಹೆಚ್ಚುವರಿ ಮನೆ, ಹೊಲ ಹೊಲವಾಗಿಯೇ ಉಳಿಯಿತು. ಒಂದು ಎಚ್ಚರಿಕೆ: ಹಕ್ಕನ್ನು ಕೊಳ್ಳುವವರಿಲ್ಲದಿದ್ದರೆ ಅದು ಬರೀ ಕಾಗದ. ಎಲ್ಲಿ ಬಳಸಬಹುದು ಎಂಬ ಜಾಗವನ್ನೂ ಅದೇ ಯೋಜನೆಯಲ್ಲಿ ಗುರುತಿಸಿರಬೇಕು.

ಹಣ ಎಲ್ಲಿಂದ? ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನ ಜನ 1967ರಲ್ಲಿ ಮತ ಹಾಕಿ, ಬಯಲು ಕೊಳ್ಳುವುದಕ್ಕೆಂದೇ ತಮ್ಮ ಮೇಲೆ ತಾವೇ ಶೇ. 0.4 ಮಾರಾಟ ತೆರಿಗೆ ಹಾಕಿಕೊಂಡರು. ಅದೇ ಊರು 1959ರಲ್ಲಿ ಇನ್ನೊಂದು ಜಾಣ ಕೆಲಸ ಮಾಡಿತ್ತು. ಗುಡ್ಡದ ಮೇಲೆ 5,750 ಅಡಿ ಎತ್ತರದಲ್ಲಿ ಒಂದು ಗೆರೆ ಎಳೆದು, ಅದಕ್ಕಿಂತ ಮೇಲೆ ನಗರದ ನೀರಿನ ಸಂಪರ್ಕ ಕೊಡುವುದಿಲ್ಲ ಎಂದಿತು. ಖರ್ಚೇನೂ ಇಲ್ಲ. ನೀರು, ಒಳಚರಂಡಿ, ರಸ್ತೆ ಎಲ್ಲಿಗೆ ಹೋಗುತ್ತವೋ ಮನೆಗಳು ಅಲ್ಲಿಗೆ ಹೋಗುತ್ತವೆ. ಹಾಗಾಗಿ ಹಸಿರು ನಕ್ಷೆ ಓದುವಾಗ ಪೈಪ್‌ಲೈನ್ ನಕ್ಷೆಯನ್ನೂ ಪಕ್ಕದಲ್ಲಿಟ್ಟು ಓದಿ.

7. ಬಣ್ಣ ಬೇಡ, ವಾಕ್ಯ ಓದಿ

ಕರಡು ಯೋಜನೆ ಹೊರಬಂದಾಗ ಎಲ್ಲರೂ ನಕ್ಷೆಯ ಬಣ್ಣ ನೋಡುತ್ತಾರೆ. ನೀವು ಹಿಂದಿನ ಪುಟಗಳ ಕೋಷ್ಟಕ ತೆರೆಯಿರಿ. ಹಸಿರು ವಲಯದಲ್ಲಿ ಏನೇನು ಮಾಡಬಹುದು ಎಂಬ ಪಟ್ಟಿ ಅಲ್ಲಿರುತ್ತದೆ. ಉದ್ಯಾನ, ಆಟದ ಮೈದಾನ, ಸಸಿ ತೋಟ ಎಂದೆಲ್ಲ ಇದ್ದು, ಕೆಳಗೆ "ವಿಶೇಷ ಅನುಮತಿಯ ಮೇರೆಗೆ" ಎಂದು ಇನ್ನೊಂದು ಸಾಲು ಇರಬಹುದು: ಕ್ಲಬ್, ಗೋದಾಮು, ಪೆಟ್ರೋಲ್ ಬಂಕ್. ಬಯಲು ಸೋರಿ ಹೋಗುವುದು ಈ ಸಾಲಿನಿಂದ.

ಪದಗಳನ್ನು ತೂಗಿ ನೋಡಿ. "ಹಳ್ಳಗಳ ಸುತ್ತ ಸಾಧ್ಯವಾದಷ್ಟು ಹಸಿರನ್ನು ಪ್ರೋತ್ಸಾಹಿಸಲಾಗುವುದು" ಎಂದು ಬರೆದಿದ್ದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಅದರ ಬದಲು ಹೀಗೆ ಕೇಳಿ: "ಹಳ್ಳದ ಎರಡೂ ದಂಡೆಯಿಂದ ಇಷ್ಟು ಮೀಟರ್ ಒಳಗೆ ಕಟ್ಟಡಕ್ಕಾಗಲಿ, ರಸ್ತೆಗಾಗಲಿ, ಮಣ್ಣು ತುಂಬುವುದಕ್ಕಾಗಲಿ ಅನುಮತಿ ಕೊಡತಕ್ಕದ್ದಲ್ಲ. ಈ ಗಡಿಯನ್ನು ಇಂಥ ಸಂಖ್ಯೆಯ ನಕ್ಷೆಯಲ್ಲಿ ತೋರಿಸಿದೆ." ಅಳತೆ ಇದೆ, ನಿಷೇಧ ಇದೆ, ನಕ್ಷೆ ಇದೆ. ನಾಳೆ ನ್ಯಾಯಾಲಯದಲ್ಲಿ ಹಿಡಿದು ನಿಲ್ಲಲು ಇಷ್ಟು ಬೇಕು. ಸಣ್ಣ ಊರುಗಳ ಸ್ಥಳೀಯ ಯೋಜನೆಗಳು ಪ್ರಾದೇಶಿಕ ಯೋಜನೆಗೆ ಬದ್ಧವಾಗಿರಬೇಕು ಎಂಬ ಸಾಲೂ ಇದೆಯೇ ನೋಡಿ. ಅದಿಲ್ಲದಿದ್ದರೆ ಇಷ್ಟೂ ಹೊತ್ತು ಮಾಡಿದ ಕೆಲಸ ಬರೀ ಸಲಹೆಯಾಗಿ ಉಳಿಯುತ್ತದೆ.

8. ಆಕ್ಷೇಪಣೆ ಬರೆಯುವ ರೀತಿ

ಒಮ್ಮೆ ನಾವು ಮೂವತ್ತು ಜನ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿ ಕೊಟ್ಟೆವು. "ನಮ್ಮ ಬಯಲು ಉಳಿಸಿ" ಎಂದು ಮನಸಾರೆ ಬರೆದಿದ್ದೆವು. ಪುಟ ಸಂಖ್ಯೆ ಇರಲಿಲ್ಲ, ಏನು ಬದಲಿಸಬೇಕು ಎಂಬುದೂ ಇರಲಿಲ್ಲ. ಮೂವತ್ತು ಜನರ ಸಂಕಟ ಒಂದು ಆಕ್ಷೇಪಣೆ ಎಂದು ಎಣಿಕೆಯಾಯಿತು, "ಗಮನಿಸಲಾಗಿದೆ" ಎಂಬ ಉತ್ತರ ಬಂತು. ಆ ನೋವು ಇನ್ನೂ ಇದೆ.

ಹಾಗಾಗಿ ಒಬ್ಬೊಬ್ಬರು ಒಂದೊಂದು ಜಾಗದ ಬಗ್ಗೆ ಬೇರೆ ಬೇರೆ ಪತ್ರ ಕೊಡಿ. ಪ್ರತಿ ಪತ್ರದಲ್ಲಿ ನಾಲ್ಕು ಸಂಗತಿ ಸಾಕು: ಯಾವ ಪುಟ ಮತ್ತು ಯಾವ ನಕ್ಷೆ, ಅಲ್ಲಿ ಏನು ಬರೆದಿದೆ, ಅದು ಯಾಕೆ ಸರಿಯಿಲ್ಲ ಎಂಬುದಕ್ಕೆ ಸಾಕ್ಷಿ, ಅದರ ಬದಲು ಯಾವ ವಾಕ್ಯ ಬರಬೇಕು. ಗೋಡೆಯ ನೆರೆ ಗುರುತಿನ ಫೋಟೋ, ಹಳೆಯ ಉಪಗ್ರಹ ಚಿತ್ರ, ಮನೆಗಳ ಲೆಕ್ಕ ಲಗತ್ತಿಸಿ. ಕೊನೆಯ ದಿನದವರೆಗೆ ಕಾಯಬೇಡಿ. ಸ್ವೀಕೃತಿಯ ಮುದ್ರೆ ಇಲ್ಲದೆ ಕಚೇರಿಯಿಂದ ಹೊರಬರಬೇಡಿ.

9. ಮಂಜೂರಾದ ಮರುದಿನದಿಂದ

ಯೋಜನೆಗೆ ಸಹಿ ಬಿದ್ದ ಮೇಲೆ ಹೆಚ್ಚಿನ ಗುಂಪುಗಳು ಚದುರಿಹೋಗುತ್ತವೆ. ಇನ್ನು ಮುಂದೆ ಬೇಕಾದದ್ದು ಕಾವಲು. ಕೆನಡಾದ ಒಂಟಾರಿಯೋ ಪ್ರಾಂತ್ಯ 2005ರಲ್ಲಿ ಟೊರೊಂಟೊ ಸುತ್ತ ದೊಡ್ಡ ಹಸಿರು ಪಟ್ಟಿಯನ್ನು ಕಾನೂನಿನಿಂದಲೇ ಕಾಯ್ದಿಟ್ಟಿತು. 2022ರ ಕೊನೆಯಲ್ಲಿ ಅದೇ ಪ್ರಾಂತ್ಯದ ಸರ್ಕಾರ ಸುಮಾರು 7,400 ಎಕರೆಯನ್ನು ಮನೆ ಕಟ್ಟಲು ಪಟ್ಟಿಯಿಂದ ತೆಗೆಯಿತು. ಜನ ಬಿಡಲಿಲ್ಲ. 2023ರ ಆಗಸ್ಟ್‌ನಲ್ಲಿ ಲೆಕ್ಕ ಪರಿಶೋಧಕರ ವರದಿ ಬಂತು. ಜಾಗಗಳನ್ನು ಆರಿಸಿದ ರೀತಿ ಸರಿಯಿಲ್ಲ, ಅವುಗಳ ಒಡೆಯರಿಗೆ 800 ಕೋಟಿ ಡಾಲರ್‌ಗಿಂತ ಹೆಚ್ಚು ಲಾಭ ಆಗಬಹುದು ಎಂದು ಅದು ಹೇಳಿತು. ಮುಂದಿನ ತಿಂಗಳೇ ಸರ್ಕಾರ ನಿರ್ಧಾರ ಹಿಂದೆಗೆದುಕೊಂಡಿತು, ಆ ಜಾಗಗಳು ಪಟ್ಟಿಗೆ ಮರಳಿದವು. ಹದಿನೇಳು ವರ್ಷ ಭದ್ರವಾಗಿದ್ದ ಗೆರೆ ಅಳಿಸಿದ್ದು ಕೆಲವೇ ವಾರದಲ್ಲಿ. ಮತ್ತೆ ಬಂದದ್ದು ಜನ ಎಚ್ಚರ ಇದ್ದಿದ್ದರಿಂದ.

ನಿಮ್ಮ ಗುಂಪಿನಲ್ಲಿ ಪ್ರತಿ ಬಯಲಿಗೆ ಇಬ್ಬರನ್ನು ನೇಮಿಸಿ. ಅವರು ವರ್ಷಕ್ಕೆರಡು ಸಲ, ಅದೇ ತಿಂಗಳು, ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ ಫೋಟೋ ತೆಗೆಯಲಿ. ಭೂ ಬಳಕೆ ಬದಲಾವಣೆಯ ಪ್ರಕಟಣೆಗಳನ್ನು ಒಬ್ಬರು ತಪ್ಪದೆ ಓದಲಿ. ಬಯಲಿನ ಅಂಚಿನಲ್ಲಿ ಒಂದು ಲೋಡ್ ಮಣ್ಣು ಕಂಡರೆ ಅಂದೇ ಫೋಟೋ ತೆಗೆದು, ಯೋಜನೆಯ ನಕ್ಷೆ ಸಂಖ್ಯೆ ಹಾಕಿ, ಬರವಣಿಗೆಯಲ್ಲಿ ದೂರು ಕೊಡಿ. ಅಡಿಪಾಯ ಹಾಕಿದ ಮೇಲೆ ಅದನ್ನು ತೆಗೆಸುವುದು ತುಂಬಾ ಕಷ್ಟ. ಯೋಜನೆಯ ಮುಂದಿನ ಪರಿಷ್ಕರಣೆ ಯಾವ ವರ್ಷ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಅದಕ್ಕೆ ಎರಡು ವರ್ಷ ಮೊದಲು ಆ ಐದು ಟ್ರೇಸಿಂಗ್ ಹಾಳೆಗಳನ್ನು ಹೊರತೆಗೆದು, ಈ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಕಿಟಕಿಯ ಹತ್ತಿರ ನಿಲ್ಲಿ.